ಸೋಲಿನ ಹೆಸರುಗಳು: ಜಪಾನೀ ಯುದ್ಧಕಾದಂಬರಿಗಳಲ್ಲಿ ಮಾತು ಮತ್ತು ಹೊಣೆ

೧

ಒಂದು ಯುದ್ಧವನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದು ಮೇಲುನೋಟಕ್ಕೆ ಇತಿಹಾಸಕಾರರ ಪ್ರಶ್ನೆ. ಜಪಾನಿನ ಸಂದರ್ಭದಲ್ಲಿ ಅದು ಸಾಹಿತ್ಯದ ಪ್ರಶ್ನೆಯೂ ಆಗಿದೆ. ೧೯೩೧ರ ಸೆಪ್ಟೆಂಬರ್ ೧೮ರ ರಾತ್ರಿ ಮುಕ್ಡೆನ್ ನಗರದ ಬಳಿ ಜಪಾನೀ ಸೇನಾಧಿಕಾರಿಗಳು ತಾವೇ ರೈಲುಹಳಿಯನ್ನು ಸ್ಫೋಟಿಸಿ, ಆರೋಪವನ್ನು ಚೀನೀಯರ ಮೇಲೆ ಹೊರಿಸಿ, ಮಂಚೂರಿಯವನ್ನು ವಶಪಡಿಸಿಕೊಂಡರು. ಅಧಿಕೃತ ಪರಿಭಾಷೆಯಲ್ಲಿ ಅದು 'ಮಂಚೂರಿಯಾ ಘಟನೆ' ಎನಿಸಿತು. ೧೯೩೭ರ ಜುಲೈ ೭ರಂದು ಪೀಕಿಂಗ್ ಸಮೀಪದ ಮಾರ್ಕೊಪೋಲೊ ಸೇತುವೆಯ ಬಳಿ ಆರಂಭವಾಗಿ ಎಂಟು ವರ್ಷಗಳ ಕಾಲ ನಡೆದ ಸಮರವನ್ನೂ ಬಹುಕಾಲ 'ಚೀನಾ ಘಟನೆ' ಎಂದೇ ಕರೆಯಲಾಯಿತು. ವಿಧಿವತ್ತಾದ ಯುದ್ಧಘೋಷಣೆ ಇರಲಿಲ್ಲವೆಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಪರ್ಲ್ ಹಾರ್ಬರ್ ದಾಳಿಯ ಬಳಿಕ, ೧೯೪೧ರ ಡಿಸೆಂಬರ್ ೧೨ರಂದು, ಸಚಿವ ಸಂಪುಟವು ಚೀನಾದ ಸಮರವನ್ನೂ ಒಳಗೊಂಡಂತೆ ಇಡೀ ಹೋರಾಟಕ್ಕೆ 'ಮಹಾ ಪೂರ್ವ ಏಷ್ಯಾ ಯುದ್ಧ' ಎಂಬ ಹೆಸರನ್ನು ನಿರ್ಧರಿಸಿತು. ಸೋಲಿನ ನಂತರ ಅಮೆರಿಕದ ಆಡಳಿತವು ಆ ಹೆಸರನ್ನು ನಿಷೇಧಿಸಿತು. 'ಪೆಸಿಫಿಕ್ ಯುದ್ಧ' ಎಂಬ ಹೆಸರು ಬಳಕೆಗೆ ಬಂದಿತು. ಹೊಸ ಹೆಸರು ಹಳೆಯ ಹೆಸರಿನ ಹುಸಿ ಆದರ್ಶವನ್ನು ಅಳಿಸಿತು, ನಿಜ. ಅದರ ಜೊತೆಗೆ ಚೀನಾದ ನೆಲವನ್ನೂ ಕಣ್ಣಿಂದ ಮರೆಮಾಡಿತು. ೧೯೫೬ರಲ್ಲಿ ಚಿಂತಕ ತ್ಸುರುಮಿ ಶುನ್ಸುಕೆ 'ಹದಿನೈದು ವರ್ಷಗಳ ಯುದ್ಧ' ಎಂಬ ಹೆಸರನ್ನು ಸೂಚಿಸಿದುದು ಈ ಮರೆವನ್ನು ತಿದ್ದುವುದಕ್ಕಾಗಿ.

ಯುದ್ಧದ ಒಳಗಣ ನಡೆಗಳಿಗೂ ಇಂತಹವೇ ಹೆಸರುಗಳಿದ್ದವು. ೧೯೪೩ರ ಫೆಬ್ರುವರಿಯಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಿಂದ ಸೈನ್ಯ ಹಿಂದೆಗೆದದ್ದನ್ನು 'ದಿಕ್ಕು ಬದಲಿಸಿ ಮುನ್ನಡೆಯುವುದು' ಎಂಬರ್ಥದ 'ತೆನ್ಶಿನ್' ಎಂದು ಪ್ರಕಟಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಟ್ಟು ದ್ವೀಪದ ಪಡೆ ಸಂಪೂರ್ಣ ನಾಶವಾದಾಗ 'ರತ್ನವೊಂದು ಚೂರಾದಂತೆ' ಎಂಬ ಭಾವದ 'ಗ್ಯೊಕುಸಾಯ್' ಎಂಬ ಪದ ಬಂದಿತು. ೧೯೪೫ರ ಆಗಸ್ಟ್ ೧೫ರಂದು ಬಿತ್ತರವಾದ ಚಕ್ರವರ್ತಿಯ ಭಾಷಣದಲ್ಲಿ ಸೋಲು ಎಂಬ ನೇರವಾದ ಮಾತು ಇರಲಿಲ್ಲ. ಆಮೇಲೆ ಆಡುಮಾತಿನಲ್ಲಿಯೂ 'ಯುದ್ಧದ ಸೋಲು' ಎನ್ನುವುದಕ್ಕಿಂತ 'ಯುದ್ಧದ ಮುಕ್ತಾಯ' ಎಂಬರ್ಥದ 'ಶೂಸೆನ್' ಎಂಬ ಪದವೇ ಹೆಚ್ಚು ರೂಢಿಗೆ ಬಂದಿತು. ೧೯೮೨ರಲ್ಲಿ ಶಾಲಾ ಪಠ್ಯಗಳಲ್ಲಿ 'ಆಕ್ರಮಣ' ಎಂದಿರಬೇಕೋ 'ಮುನ್ನಡೆ' ಎಂದಿರಬೇಕೋ ಎಂಬ ವಿವಾದ ಚೀನಾ ಮತ್ತು ಕೊರಿಯಾಗಳೊಡನೆ ರಾಜತಾಂತ್ರಿಕ ಬಿಕ್ಕಟ್ಟಾಗಿ ಬೆಳೆದುದನ್ನು ನೆನೆದರೆ, ಈ ಪದಗಳ ಆಯುಷ್ಯ ಯುದ್ಧದ ಆಯುಷ್ಯಕ್ಕಿಂತ ದೀರ್ಘವಾದುದೆಂಬುದು ಮನವರಿಕೆಯಾಗುತ್ತದೆ.

ಈ ಎಲ್ಲ ಹೆಸರುಗಳಿಗೆ ಸಮಾನವಾದ ಒಂದು ವ್ಯಾಕರಣವಿದೆ. ಅವುಗಳಲ್ಲಿ ಕ್ರಿಯೆ ಇದೆ, ಕರ್ತೃ ಇಲ್ಲ. ಘಟನೆ ಸಂಭವಿಸುತ್ತದೆ, ರತ್ನ ಒಡೆಯುತ್ತದೆ, ಯುದ್ಧ ಮುಗಿಯುತ್ತದೆ. ಮಾಡಿದವನೂ ಅನುಭವಿಸಿದವನೂ ವಾಕ್ಯದಿಂದ ಹೊರಗುಳಿಯುತ್ತಾರೆ. ಕಾದಂಬರಿಯಾದರೋ ಪಾತ್ರಗಳಿಲ್ಲದೆ, ಎಂದರೆ ಕರ್ತೃಗಳಿಲ್ಲದೆ, ಒಂದು ಪುಟವೂ ಮುಂದುವರಿಯಲಾರದ ಪ್ರಕಾರ. ಆದುದರಿಂದ ಜಪಾನಿನ ವಿಸ್ತರಣೆ ಮತ್ತು ಪರಾಭವವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳನ್ನು ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಪ್ರಭುತ್ವದ ಭಾಷೆ ಮರೆಮಾಡಿದ ಕರ್ತೃವನ್ನು ಕಾದಂಬರಿ ಮರಳಿ ತಂದಿದೆಯೇ? ತಂದಿದ್ದರೆ ಎಷ್ಟು ದೂರ? ಪ್ರಸ್ತುತ ಲೇಖನದಲ್ಲಿ ೧೯೩೮ರಿಂದ ೧೯೭೧ರವರೆಗಿನ ಕೆಲವು ಮುಖ್ಯ ಕೃತಿಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸಲಾಗಿದೆ. ಚರ್ಚೆಯು ಬಹುಪಾಲು ಇಂಗ್ಲಿಷ್ ಅನುವಾದಗಳನ್ನು ಆಧರಿಸಿರುವುದರಿಂದ ಮೂಲದ ಶೈಲಿಯ ಸೂಕ್ಷ್ಮಗಳನ್ನು ಬಿಟ್ಟು ನಿರೂಪಣೆಯ ನೆಲೆ, ಪಾತ್ರವಿನ್ಯಾಸ ಮತ್ತು ದೃಷ್ಟಿಗಳಿಗೆ ಮಾತ್ರ ಸೀಮಿತವಾಗಿದೆ. ವ್ಯಕ್ತಿನಾಮಗಳನ್ನು ಜಪಾನೀ ಪದ್ಧತಿಯಂತೆ ಮನೆತನದ ಹೆಸರು ಮೊದಲು ಬರುವಂತೆ ಬರೆಯಲಾಗಿದೆ.

೨

ಒಂದೇ ವರ್ಷ, ಒಂದೇ ಸೈನ್ಯ, ಎರಡು ಕೃತಿಗಳು. ಹೋಲಿಕೆಗೆ ಇದಕ್ಕಿಂತ ಸ್ಪಷ್ಟವಾದ ನೆಲೆ ದೊರೆಯುವುದು ಕಷ್ಟ. ೧೯೩೫ರಲ್ಲಿ ಮೊತ್ತಮೊದಲ ಅಕುತಗಾವಾ ಪ್ರಶಸ್ತಿಯನ್ನು ಪಡೆದಿದ್ದ ಇಶಿಕಾವಾ ತತ್ಸುಜೊ, 'ಚೂಓ ಕೋರೊನ್' ಪತ್ರಿಕೆಯ ಪರವಾಗಿ, ನಾನ್‌ಜಿಂಗ್ ನಗರ ೧೯೩೭ರ ಡಿಸೆಂಬರ್ ೧೩ರಂದು ಪತನವಾದ ಕೆಲವೇ ವಾರಗಳಲ್ಲಿ ಅಲ್ಲಿಗೆ ತೆರಳಿದ. ಹಿಂದಿರುಗಿ ಬಂದು ಬರೆದ 'ಜೀವಂತ ಸೈನಿಕರು' ೧೯೩೮ರ ಮಾರ್ಚ್ ಸಂಚಿಕೆಯಲ್ಲಿ, ಸಂಪಾದಕರೇ ಹಲವೆಡೆ ಕತ್ತರಿ ಹಾಕಿದ ರೂಪದಲ್ಲಿ ಅಚ್ಚಾಯಿತು. ಸಂಚಿಕೆ ಕೂಡಲೇ ನಿಷೇಧಕ್ಕೆ ಒಳಗಾಯಿತು. ಲೇಖಕನಿಗೆ ನಾಲ್ಕು ತಿಂಗಳ ಸೆರೆವಾಸದ ಶಿಕ್ಷೆ ವಿಧಿಸಿ ಅಮಾನತಿನಲ್ಲಿ ಇಡಲಾಯಿತು. ಪೂರ್ಣಪಾಠ ಬೆಳಕು ಕಂಡದ್ದು ಯುದ್ಧ ಮುಗಿದ ಮೇಲೆ, ೧೯೪೫ರ ಕೊನೆಯಲ್ಲಿ.

ಈ ಕೃತಿಯ ಮಹತ್ವವು ಕ್ರೌರ್ಯದ ವರ್ಣನೆಯಲ್ಲಿ ಇದೆಯೆಂದು ತಿಳಿಯುವುದು ಅವಸರದ ಓದು. ಇಶಿಕಾವಾ ಆರಿಸಿಕೊಂಡ ಪಾತ್ರಗಳನ್ನು ಗಮನಿಸಬೇಕು: ವೈದ್ಯಶಾಸ್ತ್ರ ಓದಿದ ಕೊಂಡೊ, ಶಾಲಾ ಶಿಕ್ಷಕನಾಗಿದ್ದ ಕುರಾತಾ, ಪತ್ರಿಕಾಲಯದಲ್ಲಿ ದುಡಿದು ಬಂದ ಭಾವುಕ ಹಿರಾವೊ, ಸೇನೆಯ ಜೊತೆಯಲ್ಲಿರುವ ಬೌದ್ಧ ಪುರೋಹಿತ ಕತಯಾಮಾ. ಜೀವ ಉಳಿಸುವ ವಿದ್ಯೆ, ಅಕ್ಷರವಿದ್ಯೆ, ಧರ್ಮ ಎಂಬ ನಾಗರಿಕತೆಯ ಕಂಬಗಳನ್ನೇ ಆತ ಯುದ್ಧಭೂಮಿಯಲ್ಲಿ ನಿಲ್ಲಿಸಿ, ಒಂದೊಂದೂ ಹೇಗೆ ಕುಸಿಯುತ್ತದೆಂದು ತೋರಿಸುತ್ತಾನೆ. ಪುರೋಹಿತ ಜಪಮಾಲೆಯನ್ನು ಕೈಗೆ ಸುತ್ತಿಕೊಂಡೇ ಸನಿಕೆಯಿಂದ ಶತ್ರುಗಳನ್ನು ಕೊಲ್ಲುತ್ತಾನೆ. ಸತ್ತ ತಾಯಿಯ ಬಳಿ ರಾತ್ರಿಯಿಡೀ ಅಳುವ ಹೆಣ್ಣುಮಗಳ ದನಿಯನ್ನು ತಾಳಲಾರದೆ ಹಿರಾವೊ ಆಕೆಯನ್ನು ಇರಿದು ಕೊಲ್ಲುತ್ತಾನೆ. ಈ ಎರಡನೆಯ ಪ್ರಸಂಗ ನಮ್ಮನ್ನು ಬಹುಕಾಲ ಕಾಡುವಂಥದು. ಕೊಲೆಗೆ ಕಾರಣ ದ್ವೇಷವಲ್ಲ. ಬೇರೊಬ್ಬರ ಶೋಕ ತನ್ನಲ್ಲಿ ಎಬ್ಬಿಸುವ ಸಂಕಟವನ್ನು ಸಹಿಸಲಾಗದ ಭಾವುಕತೆ. ಕನಿಕರವೇ ಕೊಲ್ಲಬಲ್ಲದು ಎಂಬ ಕಾಣ್ಕೆ ಇಲ್ಲಿದೆ. ಸೈನಿಕ ರಾಕ್ಷಸನಾಗಿ ಬಂದಿರಲಿಲ್ಲ ಎಂಬುದೇ ಸೆನ್ಸಾರ್ ಸಹಿಸಲಾರದೆ ಹೋದ ಸಂಗತಿ ಎಂದು ತೋರುತ್ತದೆ. ರಾಕ್ಷಸನ ಕಥೆಯಲ್ಲಿ ಹೊಣೆ ರಾಕ್ಷಸನದು. ಶಿಕ್ಷಕನ ಕಥೆಯಲ್ಲಿ ಹೊಣೆ ಅವನನ್ನು ಕಳಿಸಿದ ನಾಡಿನದು.

ಅದೇ ವರ್ಷದ ಆಗಸ್ಟ್‌ನಲ್ಲಿ 'ಕೈಜೊ' ಪತ್ರಿಕೆಯಲ್ಲಿ ಹಿನೊ ಅಶಿಹೆಯ್‌ನ 'ಗೋಧಿ ಮತ್ತು ಸೈನಿಕರು' ಬಂದಿತು. ಹಿನೊ ಸ್ವತಃ ಸೈನಿಕ, ಆಗ ಸೇನೆಯ ವಾರ್ತಾವಿಭಾಗಕ್ಕೆ ಸೇರಿದ್ದವನು. ಶುಜೌ ಕಾರ್ಯಾಚರಣೆಯ ದಿನಚರಿಯ ರೂಪದಲ್ಲಿರುವ ಈ ಪುಸ್ತಕದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕೊನೆಯಿಲ್ಲದ ಗೋಧಿಹೊಲಗಳ ನಡುವೆ ಬೊಬ್ಬೆ ಎದ್ದ ಕಾಲುಗಳಿಂದ ನಡೆಯುವ ಸಾಮಾನ್ಯ ಸೈನಿಕನ ದಣಿವು, ಸಹನೆ, ಗೆಳೆತನಗಳನ್ನು ಹಿನೊ ಪ್ರಾಮಾಣಿಕವಾಗಿಯೇ ಬರೆದಿದ್ದಾನೆ. ಇದನ್ನು ಬರಿಯ ಪ್ರಚಾರಸಾಹಿತ್ಯವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಆ ಗೋಧಿಯನ್ನು ಬಿತ್ತಿದವರು ಯಾರು, ಅವರು ಎಲ್ಲಿಗೆ ಹೋದರು ಎಂಬ ಪ್ರಶ್ನೆ ಕೃತಿಯ ಅಂಚಿನಲ್ಲಿಯೇ ಉಳಿಯುತ್ತದೆ. ಕೃತಿಯ ಕೊನೆಯಲ್ಲಿ ಚೀನೀ ಸೆರೆಯಾಳುಗಳ ವಧೆಯ ಸನ್ನಿವೇಶವಿದೆ. ನಿರೂಪಕ ಕಣ್ಣು ಬೇರೆಡೆಗೆ ಹೊರಳಿಸುತ್ತಾನೆ. ತಾನಿನ್ನೂ ಮನುಷ್ಯನಾಗಿಯೇ ಉಳಿದಿದ್ದೇನೆಂಬ ಸಮಾಧಾನ ಪಡೆಯುತ್ತಾನೆ. ವಧೆಯ ವಿವರಗಳು ಯುದ್ಧಕಾಲದ ಮುದ್ರಣದಲ್ಲಿ ಇರಲಿಲ್ಲ. ಯುದ್ಧಾನಂತರವೇ ಮರಳಿ ಸೇರಿದವು.

ಕಣ್ಣು ಹೊರಳಿಸುವ ಈ ಕ್ಷಣವೇ ಎರಡು ಕೃತಿಗಳ ನಡುವಣ ಗಡಿ. ಇಶಿಕಾವಾನ ನಿರೂಪಣೆ ನೋಡುತ್ತಲೇ ಇರುತ್ತದೆ. ಹಿನೊನ ನಿರೂಪಣೆ ತನ್ನ ಅಂತಃಕರಣವನ್ನು ಉಳಿಸಿಕೊಳ್ಳುವುದಕ್ಕಾಗಿ ನೋಡುವುದನ್ನು ನಿಲ್ಲಿಸುತ್ತದೆ. ಯುದ್ಧಾನಂತರದ ಜಪಾನೀ ಸಾಹಿತ್ಯದ ಬಹುಭಾಗ ಹಿನೊನ ಈ ಹಾದಿಯನ್ನೇ ಹಿಡಿಯಿತೆಂಬುದು ಮುಂದಿನ ವಿವೇಚನೆಯಿಂದ ತಿಳಿದುಬರುತ್ತದೆ. ಹಿನೊನ ಸ್ವಂತ ಬಾಳು ಮಾತ್ರ ಅಷ್ಟಕ್ಕೆ ನಿಲ್ಲಲಿಲ್ಲ. ೧೯೪೪ರಲ್ಲಿ ಇಂಫಾಲ್ ರಂಗಕ್ಕೆ ಹೋಗಿ ಸೈನ್ಯದ ವಿನಾಶವನ್ನು ಆತ ಕಂಡ. ಯುದ್ಧಾನಂತರ ಸಾರ್ವಜನಿಕ ಜೀವನದಿಂದ ಕೆಲಕಾಲ ಬಹಿಷ್ಕೃತನಾದ. ೧೯೬೦ರ ಜನವರಿಯಲ್ಲಿ ತೀರಿಕೊಂಡ. ಅದು ಆತ್ಮಹತ್ಯೆಯೆಂಬುದು ಹೊರಬಂದದ್ದು ಹನ್ನೆರಡು ವರ್ಷಗಳ ನಂತರ.

೩

ಲೇಖಕರ ಹೊಣೆಯ ಪ್ರಶ್ನೆಯನ್ನು ವ್ಯಕ್ತಿಗಳ ನೈತಿಕ ದೌರ್ಬಲ್ಯಕ್ಕೆ ಇಳಿಸುವಂತಿಲ್ಲ. ೧೯೨೫ರ ಶಾಂತಿಪಾಲನಾ ಕಾಯಿದೆಯ ಬಲದಿಂದ ಪ್ರಭುತ್ವವು ವಿರೋಧದ ದನಿಗಳನ್ನು ಮೊದಲೇ ಅಡಗಿಸಿತ್ತು. ಶ್ರಮಿಕವರ್ಗದ ಕಾದಂಬರಿಕಾರ ಕೊಬಯಾಶಿ ತಕಿಜಿ ೧೯೩೩ರ ಫೆಬ್ರುವರಿ ೨೦ರಂದು ಪೊಲೀಸರ ವಶದಲ್ಲಿಯೇ ಸತ್ತ. ೧೯೩೮ರಲ್ಲಿ ಸರ್ಕಾರವೇ ಲೇಖಕರ ತಂಡವನ್ನು ಹಾಂಕೌ ರಣರಂಗಕ್ಕೆ ಕಳಿಸಿತು. ಜನರು ಅದನ್ನು 'ಲೇಖನಿಯ ಪಡೆ' ಎಂದು ಕರೆದರು. ೧೯೪೨ರಲ್ಲಿ 'ಸಾಹಿತ್ಯದ ಮೂಲಕ ದೇಶಸೇವೆ'ಯ ಸಂಘ ಹುಟ್ಟಿ, ಬಹುತೇಕ ಬರಹಗಾರರು ಅದರ ಸದಸ್ಯರಾದರು. ತನಿಜಾಕಿ ಜುನ್‌ಇಚಿರೊನ 'ಸಸಮೆಯುಕಿ' ಕಾದಂಬರಿಯ ಧಾರಾವಾಹಿ ೧೯೪೩ರಲ್ಲಿ ನಿಂತುಹೋಯಿತು. ನಾಲ್ವರು ಅಕ್ಕತಂಗಿಯರ ಬಾಳನ್ನು, ಒಬ್ಬಳ ವರಾನ್ವೇಷಣೆಯನ್ನು ಹೇಳುವ ಕಥೆಯೂ ಯುದ್ಧಕಾಲಕ್ಕೆ ತಕ್ಕುದಲ್ಲವೆನಿಸಿತ್ತು.

ಸೋಲಿನ ಮರುವರ್ಷವೇ ಲೆಕ್ಕ ಒಪ್ಪಿಸುವ ಯತ್ನವೂ ನಡೆಯಿತು. ೧೯೪೬ರಲ್ಲಿ 'ಶಿನ್ ನಿಹೋನ್ ಬುಂಗಾಕು' ಪತ್ರಿಕೆಯಲ್ಲಿ ಯುದ್ಧಕ್ಕೆ ಬೆಂಬಲವಿತ್ತ ಲೇಖಕರ ಪಟ್ಟಿ ಪ್ರಕಟವಾಯಿತು. ಹತ್ತು ವರ್ಷಗಳ ನಂತರ ಯೊಶಿಮೊತೊ ತಕಾಕಿ ಮತ್ತು ತಕೆಯಿ ತೆರುವೊ, ಅಂಥ ಪಟ್ಟಿ ಮಾಡಿದವರಲ್ಲಿಯೂ ಯುದ್ಧಕಾಲದಲ್ಲಿ ರಾಜಿಯಾದವರು ಇದ್ದಾರೆಂದು ತೋರಿಸಿ ಚರ್ಚೆಯನ್ನು ಮತ್ತೆ ತೆರೆದರು. ಕವಿ ತಕಮುರಾ ಕೋತಾರೊ ತಾನು ಬರೆದ ಯುದ್ಧಕವಿತೆಗಳಿಗೆ ಪ್ರಾಯಶ್ಚಿತ್ತವೆಂಬಂತೆ ಇವಾತೆ ಸೀಮೆಯ ಗುಡಿಸಲಿನಲ್ಲಿ ಏಳು ವರ್ಷ ಒಂಟಿಯಾಗಿ ಬಾಳಿದ. ಆದರೆ ರಾಜಕೀಯ ಚಿಂತಕ ಮರುಯಾಮ ಮಸಾವೊ ೧೯೪೬ರಲ್ಲಿಯೇ ತೋರಿಸಿಕೊಟ್ಟಂತೆ, ಸಮಸ್ಯೆಯ ಬೇರು ವ್ಯವಸ್ಥೆಯಲ್ಲಿಯೇ ಇತ್ತು. ಮೇಲಿನವನು ಕೆಳಗಿನವನ ಮೇಲೆ, ಅವನು ತನಗಿಂತ ಕೆಳಗಿನವನ ಮೇಲೆ ದಬ್ಬಾಳಿಕೆಯನ್ನು ದಾಟಿಸುತ್ತ ಹೋಗುವ ಏಣಿಯದು. ತಳದ ಸೈನಿಕ ಅದನ್ನು ಆಕ್ರಮಿತ ನಾಡಿನ ಜನರ ಮೇಲೆ ಇಳಿಸುತ್ತಿದ್ದ. ಏಣಿಯ ಯಾವ ಮೆಟ್ಟಿಲಲ್ಲಿಯೂ 'ನಾನು ನಿರ್ಧರಿಸಿದೆ' ಎನ್ನುವವನು ಸಿಗುವುದಿಲ್ಲ. ಮೇಲೆ ಹೇಳಿದ ಕರ್ತೃವಿಲ್ಲದ ವ್ಯಾಕರಣವು ಈ ಸಮಾಜರಚನೆಯ ಭಾಷಿಕ ರೂಪವೇ ಆಗಿದೆ.

೪

ಯುದ್ಧಾನಂತರದ ಅತ್ಯಂತ ಜನಪ್ರಿಯ ಕೃತಿಗಳಲ್ಲಿ ಒಂದು ತಕೆಯಾಮ ಮಿಚಿಯೊ ಮಕ್ಕಳ ಪತ್ರಿಕೆಯಲ್ಲಿ ೧೯೪೭-೪೮ರಲ್ಲಿ ಧಾರಾವಾಹಿಯಾಗಿ ಬರೆದ 'ಬರ್ಮಾದ ವೀಣೆ'. ಇಚಿಕಾವಾ ಕೊನ್‌ನ ೧೯೫೬ರ ಚಲನಚಿತ್ರ ಇದನ್ನು ಲೋಕಕ್ಕೆಲ್ಲ ಪರಿಚಯಿಸಿತು. ಹಾಡುಗಾರರ ತುಕಡಿಯೊಂದರಲ್ಲಿ ಬರ್ಮಾದ ತಂತಿವಾದ್ಯವನ್ನು ನುಡಿಸುವ ಮಿಜುಶಿಮಾ, ಶರಣಾಗತಿಯ ನಂತರ ದಾರಿಯುದ್ದಕ್ಕೂ ಅನಾಥವಾಗಿ ಬಿದ್ದ ಜಪಾನೀ ಸೈನಿಕರ ಹೆಣಗಳನ್ನು ಕಂಡು, ತಾಯ್ನಾಡಿಗೆ ಮರಳದೆ ಭಿಕ್ಷುವಾಗಿ ಉಳಿದು ಅವುಗಳಿಗೆ ಸಂಸ್ಕಾರ ಮಾಡುವ ವ್ರತ ತೊಡುತ್ತಾನೆ. ಶಿಕ್ಷಕನಾಗಿದ್ದ ತಕೆಯಾಮನ ವಿದ್ಯಾರ್ಥಿಗಳು ಅನೇಕರು ಯುದ್ಧದಿಂದ ಹಿಂದಿರುಗಿರಲಿಲ್ಲ. ಅವನ ಶೋಕ ನಿಜವಾದದ್ದು. ಅದನ್ನು ಪ್ರಶ್ನಿಸುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ.

ಪ್ರಶ್ನಿಸಬೇಕಾದುದು ಆ ಶೋಕದ ಎಲ್ಲೆಯನ್ನು. ಕರುಣ ರಸಕ್ಕೆ ಆಲಂಬನ ಬೇಕು. ಇಲ್ಲಿ ಆಲಂಬನವಾಗಿರುವುದು ಜಪಾನೀ ಮೃತರು ಮಾತ್ರ. ಬರ್ಮೀ ಜನರು ದಯಾಳುಗಳಾದ, ಸದಾ ನಗುವ ಹಿನ್ನೆಲೆಯಾಗಿ ಉಳಿಯುತ್ತಾರೆ. ತಕೆಯಾಮ ಬರ್ಮಾವನ್ನು ಕಾಣದೆಯೇ ಕಾದಂಬರಿ ಬರೆದ ಎಂಬುದು ತಿಳಿದ ವಿಷಯ. ಥೇರವಾದದ ಭಿಕ್ಷುವಿಗೆ ವಾದ್ಯ ನುಡಿಸುವುದು ವಿನಯದ ನಿಯಮಗಳಿಗೆ ವಿರುದ್ಧವೆಂಬ ಆಕ್ಷೇಪವನ್ನೂ ಹಲವರು ಎತ್ತಿದ್ದಾರೆ. ಇವು ಸಣ್ಣ ಲೋಪಗಳು. ದೊಡ್ಡ ಲೋಪ ಬೇರೆ ಇದೆ. ಕಥೆಯ ತುಕಡಿ ಸೆರೆಯಲ್ಲಿರುವುದು ಮೌಲ್ಮೇನ್ ಸಮೀಪದ ಮುಡೋನ್‌ನಲ್ಲಿ. ಅಲ್ಲಿಂದ ದಕ್ಷಿಣಕ್ಕೆ, ದೂರವೇನೂ ಅಲ್ಲದ ತಾನ್ಬ್ಯುಜಾಯತ್ ಎಂಬ ಊರು ಸಯಾಮ್-ಬರ್ಮಾ ರೈಲುಮಾರ್ಗದ ಪಶ್ಚಿಮದ ತುದಿ. ೧೯೪೨-೪೩ರಲ್ಲಿ ಆ ಮಾರ್ಗವನ್ನು ಹಾಸುವಾಗ ಮಿತ್ರರಾಷ್ಟ್ರಗಳ ೧೨,೦೦೦ಕ್ಕೂ ಹೆಚ್ಚು ಸೆರೆಯಾಳುಗಳೂ ಅದರ ಹಲವು ಪಟ್ಟು ಏಷ್ಯಾದ ಕೂಲಿಗಳೂ ಸತ್ತರು. ಮಲಯದ ರಬ್ಬರ್ ತೋಟಗಳಿಂದ ತಂದ ತಮಿಳು ಕಾರ್ಮಿಕರ ಸಂಖ್ಯೆ ಅವರಲ್ಲಿ ದೊಡ್ಡದು. ಹೆಣಗಳನ್ನು ಹುಡುಕಿ ಹೂಳುವುದನ್ನೇ ವಸ್ತುವಾಗಿ ಉಳ್ಳ ಕೃತಿಯಲ್ಲಿ ಈ ಹೆಣಗಳಿಲ್ಲ.

ಇನ್ನೊಂದು ವಿವರವೂ ಗಮನಾರ್ಹ. ಚಲನಚಿತ್ರದಲ್ಲಿ ಕೈಬಿಡಲಾದ, ಮೂಲ ಕಾದಂಬರಿಯಲ್ಲಿ ಇರುವ ಒಂದು ಪ್ರಸಂಗದಲ್ಲಿ ಮಿಜುಶಿಮಾ ನರಭಕ್ಷಕ ಬುಡಕಟ್ಟಿನವರ ಕೈಗೆ ಸಿಕ್ಕುತ್ತಾನೆ. ಮಕ್ಕಳ ಸಾಹಸಕಥೆಯ ಸಲಕರಣೆಯೆಂದು ಇದನ್ನು ಬಿಡಬಹುದಿತ್ತು. ಆದರೆ ಮುಂದೆ ಕೆಲವೇ ವರ್ಷಗಳಲ್ಲಿ ಬಂದ ಮತ್ತೊಂದು ಕಾದಂಬರಿಯು ನರಭಕ್ಷಣೆಯನ್ನು ಎಲ್ಲಿ ಕಂಡಿತೆಂಬುದರ ಪಕ್ಕದಲ್ಲಿಟ್ಟು ನೋಡಿದಾಗ ಈ ಪ್ರಸಂಗಕ್ಕೆ ಬೇರೆಯೇ ಅರ್ಥ ಬರುತ್ತದೆ.

೫

ಆ ಕಾದಂಬರಿ ಓಕಾ ಶೋಹೆಯ್‌ನ 'ನೊಬಿ', ಎಂದರೆ 'ಬಯಲ ಬೆಂಕಿ'. ಸ್ಟೆಂಡಾಲ್‌ನ ಅಭ್ಯಾಸಿಯೂ ಅನುವಾದಕನೂ ಆಗಿದ್ದ ಓಕಾನನ್ನು ೧೯೪೪ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಸೇನೆಗೆ ಸೇರಿಸಿಕೊಂಡು ಫಿಲಿಪ್ಪೀನ್ಸ್‌ನ ಮಿಂಡೊರೊ ದ್ವೀಪಕ್ಕೆ ಕಳಿಸಲಾಯಿತು. ೧೯೪೫ರ ಜನವರಿಯಲ್ಲಿ ಆತ ಅಮೆರಿಕನ್ನರ ಸೆರೆಯಾಳಾದ. ೧೯೪೮ರಿಂದ ಪ್ರಕಟವಾದ 'ಸೆರೆಯಾಳಿನ ದಾಖಲೆ'ಯ ಮೊದಲ ಭಾಗದಲ್ಲಿ ಮಲೇರಿಯಾ ಜ್ವರದಿಂದ ಬಳಲುತ್ತ ಕಾಡಿನಲ್ಲಿ ಒಂಟಿಯಾಗಿ ಉಳಿದ ನಿರೂಪಕ, ತನ್ನೆದುರು ಬಂದ ಎಳೆಯ ಅಮೆರಿಕನ್ ಸೈನಿಕನಿಗೆ ಗುಂಡು ಹಾರಿಸುವುದಿಲ್ಲ. ಸಾಮಾನ್ಯ ಲೇಖಕನಾಗಿದ್ದರೆ ಇದನ್ನು ಮಾನವೀಯತೆಯ ವಿಜಯವೆಂದು ಬಣ್ಣಿಸುತ್ತಿದ್ದ. ಓಕಾ ಹಾಗೆ ಮಾಡುವುದಿಲ್ಲ. ತಾನೇಕೆ ಹಾರಿಸಲಿಲ್ಲ ಎಂಬುದನ್ನು ಪುಟಗಟ್ಟಲೆ ಪರೀಕ್ಷಿಸುತ್ತಾನೆ. ತನಗೆ ಅನುಕೂಲವಾದ ಪ್ರತಿಯೊಂದು ವಿವರಣೆಯನ್ನೂ ಅನುಮಾನದಿಂದ ನೋಡುತ್ತಾನೆ. ಹಿನೊನ ನಿರೂಪಕನಿಗೆ ಸಮಾಧಾನ ದೊರೆತ ಸ್ಥಳದಲ್ಲಿ ಓಕಾನ ನಿರೂಪಕನಿಗೆ ವಿಚಾರಣೆ ಆರಂಭವಾಗುತ್ತದೆ.

'ಬಯಲ ಬೆಂಕಿ' ೧೯೫೨ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ಕ್ಷಯರೋಗಿಯಾದ ಸಿಪಾಯಿ ತಮುರಾನನ್ನು ತುಕಡಿ ಹೊರಹಾಕುತ್ತದೆ. ಆಹಾರ ತಾರದವನನ್ನು ಆಸ್ಪತ್ರೆ ಸೇರಿಸಿಕೊಳ್ಳುವುದಿಲ್ಲ. ದಾರಿ ಕಾಣದಿದ್ದರೆ ಕೈಬಾಂಬಿನಿಂದ ಸಾಯಬೇಕೆಂಬುದು ಮೇಲಧಿಕಾರಿಯ ಆಜ್ಞೆ. ಲೇಟೆ ದ್ವೀಪದ ಹೆಸರಿಲ್ಲದ ಬೆಂಕಿಗಳ ನಡುವೆ ಅವನು ಅಲೆಯುತ್ತಾನೆ. ಮರುಯಾಮ ವಿವರಿಸಿದ ಏಣಿಯ ಕಟ್ಟಕಡೆಯ ಮೆಟ್ಟಿಲಿನಿಂದಲೂ ಕೆಳಗೆ ನೂಕಲ್ಪಟ್ಟವನು ಅವನು. ಅಂಥವನೂ ಕೊಲೆಗಾರನಾಗುತ್ತಾನೆ ಎಂಬುದು ಕೃತಿಯ ಕಠಿಣವಾದ ಸತ್ಯ. ಶಿಲುಬೆಯ ಗುರುತಿನಿಂದ ಆಕರ್ಷಿತನಾಗಿ ಬಂದ ಕಡಲತೀರದ ಹಳ್ಳಿಯಲ್ಲಿ ತಮುರಾ ಒಬ್ಬ ಫಿಲಿಪ್ಪೀನೀ ಹೆಂಗಸನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ನೆಲಹಲಗೆಯ ಕೆಳಗೆ ದೊರೆತ ಉಪ್ಪನ್ನು ಒಯ್ಯುತ್ತಾನೆ. ಆ ಉಪ್ಪೇ ಮುಂದೆ ಅವನಿಗೆ ಇತರ ಸೈನಿಕರ ಸಂಗವನ್ನು ಗಳಿಸಿಕೊಡುತ್ತದೆ. ಸೈನಿಕರ ಗೆಳೆತನ ಎಂಬ ಹಿನೊನ ಆದರ್ಶಕ್ಕೆ ಇದಕ್ಕಿಂತ ಕಟುವಾದ ಉತ್ತರ ಇರಲಾರದು. ಕೊನೆಗೆ ಸಂಗಾತಿಗಳು 'ಕೋತಿಯ ಮಾಂಸ'ವೆಂದು ಕೊಡುವುದು ಏನೆಂದು ಅವನಿಗೆ ಅರಿವಾಗುತ್ತದೆ. ಪ್ರಭುತ್ವದ ಹುಸಿಹೆಸರುಗಳ ಸರಣಿಯಲ್ಲಿ ಇದು ಕೊನೆಯದು: ರತ್ನದಿಂದ ಆರಂಭವಾದ ಉಪಮೆ ಕೋತಿಗೆ ಬಂದು ಮುಗಿಯುತ್ತದೆ. ತಕೆಯಾಮ ಕಾಡಿನ ಅನ್ಯರ ಮೇಲೆ ಹೊರಿಸಿದ್ದನ್ನು ಓಕಾ ಚಕ್ರವರ್ತಿಯ ಸೈನ್ಯದೊಳಗೆ ಕಾಣುತ್ತಾನೆ.

ಇದನ್ನು ಅತಿರಂಜಿತವೆಂದು ಭಾವಿಸುವವರು ಇತಿಹಾಸದ ಅಂಕಿಗಳನ್ನು ನೋಡಬೇಕು. ಸುಮಾರು ೨೩ ಲಕ್ಷ ಜಪಾನೀ ಸೈನಿಕ ಮೃತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಸಿವು ಮತ್ತು ಹಸಿವು ತಂದ ರೋಗಗಳಿಂದ ಸತ್ತರೆಂದು ಇತಿಹಾಸಕಾರ ಫುಜಿವಾರಾ ಅಕಿರಾ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದ್ದಾನೆ. ಆಹಾರ ಸರಬರಾಜನ್ನು ಗಣನೆಗೆ ತಾರದ ಯೋಜನೆಗಳು, ಶರಣಾಗತಿಯನ್ನು ನಿಷೇಧಿಸಿದ ಸಂಹಿತೆ ಇವೆರಡೂ ಸೇರಿ ಅವರನ್ನು ಕೊಂದವು. ೧೯೪೪ರ ಮಾರ್ಚ್‌ನಲ್ಲಿ ಮೂರು ಡಿವಿಜನ್‌ಗಳನ್ನು ಮಣಿಪುರ-ನಾಗಾ ಬೆಟ್ಟಗಳತ್ತ ನಡೆಸಿದ ಇಂಫಾಲ್ ಕಾರ್ಯಾಚರಣೆ ಇದಕ್ಕೆ ನಿದರ್ಶನ. ಆಹಾರವೂ ಮದ್ದುಗುಂಡೂ ಬಾರದಿದ್ದಾಗ ೩೧ನೆಯ ಡಿವಿಜನ್ನಿನ ಸೇನಾನಿ ಸಾತೊ ಕೊತೊಕು ಆಜ್ಞೆಯನ್ನು ಮೀರಿ ಕೊಹಿಮಾದಿಂದ ಹಿಂದೆಗೆಯಬೇಕಾಯಿತು.

ಓಕಾ ಅಲ್ಲಿಗೇ ನಿಲ್ಲಲಿಲ್ಲ. ೧೯೬೭ರಿಂದ ಧಾರಾವಾಹಿಯಾಗಿ ಬಂದು ೧೯೭೧ರಲ್ಲಿ ಪುಸ್ತಕವಾದ 'ಲೇಟೆ ಯುದ್ಧದ ದಾಖಲೆ'ಯಲ್ಲಿ, ಸುಮಾರು ೮೦,೦೦೦ ಜಪಾನೀಯರು ಸತ್ತ ಆ ಕದನವನ್ನು ಎರಡೂ ಪಕ್ಷಗಳ ದಾಖಲೆಗಳಿಂದ ಪುನಾರಚಿಸಿದ. ಕೃತಿಯನ್ನು ಅಲ್ಲಿ ಮಡಿದ ಸೈನಿಕರಿಗೆ ಅರ್ಪಿಸಿದ. ಆದರೆ ಎರಡು ಸಾಮ್ರಾಜ್ಯಗಳ ನಡುವೆ ಸಿಲುಕಿದ ಫಿಲಿಪ್ಪೀನೀ ಜನರ ಪಾಡನ್ನೂ ಲೆಕ್ಕಕ್ಕೆ ತಂದ. ಅದೇ ವರ್ಷ ಜಪಾನ್ ಕಲಾ ಅಕಾಡೆಮಿಯ ಸದಸ್ಯತ್ವ ತನಗೆ ಬಂದಾಗ, ಸೆರೆಯಾಳಾಗಿದ್ದ ತನ್ನ ಹಿನ್ನೆಲೆಯನ್ನು ಕಾರಣವಾಗಿ ನೀಡಿ ನಿರಾಕರಿಸಿದ. ಶರಣಾಗುವುದು ಅಪಮಾನವೆಂದು ಬೋಧಿಸಿದ ಪ್ರಭುತ್ವದ ಮಾತನ್ನೇ ಅದಕ್ಕೆ ತಿರುಗಿಸಿ ಕೊಟ್ಟ ಉತ್ತರವಿದು.

೬

ಇಬುಸೆ ಮಸುಜಿಯ 'ಕಪ್ಪು ಮಳೆ' (೧೯೬೫-೬೬) ಮತ್ತು ಎಂಡೊ ಶುಸಾಕುವಿನ 'ಸಮುದ್ರ ಮತ್ತು ವಿಷ' (೧೯೫೭) ಎಂಬೆರಡು ಕಾದಂಬರಿಗಳನ್ನು ಒಟ್ಟಿಗೆ ನೋಡುವುದು ಉಚಿತ. ಮೊದಲನೆಯದು ಹಿರೊಶಿಮಾವನ್ನು ಕುರಿತದ್ದು. ಸೋದರಸೊಸೆ ಯಸುಕೊಳ ಮದುವೆಗೆ ಅಣುವಿಕಿರಣದ ವದಂತಿ ಅಡ್ಡಬಂದಾಗ, ಆಕೆ ಆರೋಗ್ಯವಂತೆ ಎಂದು ಸಾಧಿಸಲು ಶಿಗೆಮತ್ಸು ೧೯೪೫ರ ಆಗಸ್ಟ್ ತಿಂಗಳ ದಿನಚರಿಯನ್ನು ನಕಲು ಮಾಡತೊಡಗುತ್ತಾನೆ. ನಕಲು ಮುಗಿಯುವ ಹೊತ್ತಿಗೆ ಅವಳು ಕಾಯಿಲೆ ಬೀಳುತ್ತಾಳೆ. ಅಸಾಮಾನ್ಯವಾದ ದುರಂತವನ್ನು ವರಪರೀಕ್ಷೆ, ಮೀನುಸಾಕಣೆ, ಊಟೋಪಚಾರಗಳ ಭಾಷೆಯಲ್ಲಿ ಹೇಳುವ ಇಬುಸೆಯ ಸಂಯಮ ಲೋಕಸಾಹಿತ್ಯದಲ್ಲಿಯೇ ವಿರಳ. ಆದರೆ ಈ ಕೃತಿಗೆ ದೊರೆತ ಮನ್ನಣೆಯಲ್ಲಿ ಒಂದು ಅಪಾಯವಿತ್ತು. ೧೮೯೪ರ ಚೀನಾ ಯುದ್ಧದ ಕಾಲದಿಂದ ಸೈನ್ಯದ ನೆಲೆಯಾಗಿದ್ದ ಹಿರೊಶಿಮಾ, ಈ ಬಗೆಯ ಓದಿನಲ್ಲಿ ಪೂರ್ವೇತಿಹಾಸವೇ ಇಲ್ಲದ ನಗರವಾಗಿ, ಯುದ್ಧವೆಂಬುದು ಆಕಾಶದಿಂದ ಬಿದ್ದ ಮಳೆಯಾಗಿ ಕಾಣತೊಡಗಿತು. ಅಲ್ಲಿ ಸತ್ತ ಸಾವಿರಾರು ಕೊರಿಯನ್ನರಿಗಾಗಿ ೧೯೭೦ರಲ್ಲಿ ನಿಲ್ಲಿಸಿದ ಸ್ಮಾರಕಕ್ಕೆ ಶಾಂತಿ ಉದ್ಯಾನದ ಒಳಗೆ ಸ್ಥಳ ದೊರೆತದ್ದು ೧೯೯೯ರಲ್ಲಿ ಎಂಬುದು ಈ ಮರೆವಿನ ಅಳತೆಗೋಲು. ಇಬುಸೆಯನ್ನೇ ಇದಕ್ಕೆ ದೂರುವಂತಿಲ್ಲ. ೧೯೪೨ರಲ್ಲಿ ಸೇನೆಯ ಜೊತೆ ಸಿಂಗಾಪುರದಲ್ಲಿದ್ದ ಆತ ೧೯೫೦ರಲ್ಲಿಯೇ 'ಯೋಹಾಯ್ ತಾಯ್ಚೊ' ಎಂಬ ಕಥೆಯಲ್ಲಿ, ಯುದ್ಧ ಮುಗಿದುದನ್ನು ಅರಿಯದೆ ಊರವರಿಗೆ ಪೂರ್ವದಿಕ್ಕಿಗೆ ನಮಿಸಲು ಆಜ್ಞಾಪಿಸುವ ಹುಚ್ಚು ಅಧಿಕಾರಿಯನ್ನು ಚಿತ್ರಿಸಿದ್ದ. ಓದುಗ ಸಮಾಜ ಒಂದನ್ನು ನೆನಪಿಟ್ಟು ಮತ್ತೊಂದನ್ನು ಬದಿಗಿರಿಸಿತು.

ಎಂಡೊನ ಕೃತಿಗೆ ಆಧಾರ, ೧೯೪೫ರ ಬೇಸಿಗೆಯ ಆರಂಭದಲ್ಲಿ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಎಂಟು ವೈಮಾನಿಕ ಸೆರೆಯಾಳುಗಳ ಮೇಲೆ ನಡೆದ ಜೀವಚ್ಛೇದನ. ವೈದ್ಯನಾಗಲಿರುವ ಸುಗುರೊ ಕತ್ತಿ ಹಿಡಿಯುವುದಿಲ್ಲ. ಕೋಣೆಯಲ್ಲಿ ಇದ್ದುಬಿಡುತ್ತಾನೆ, ಅಷ್ಟೆ. ಬೇಡವೆನ್ನದೆ ಇದ್ದುಬಿಡುವುದರ ಅರ್ಥವೇನು ಎಂಬುದೇ ಕಾದಂಬರಿಯ ಪ್ರಶ್ನೆ. ಇದಕ್ಕಿಂತ ಸೂಕ್ಷ್ಮವಾದುದು ಕೃತಿಯ ಆರಂಭ. ಯುದ್ಧಾನಂತರ ಟೋಕಿಯೊದ ಹೊರವಲಯಕ್ಕೆ ಬಂದು ನೆಲೆಸುವ ನಿರೂಪಕನಿಗೆ ಪೆಟ್ರೋಲ್ ಬಂಕಿನ ಮಾಲೀಕ ಸ್ನಾನಗೃಹದಲ್ಲಿ ತಾನು ಚೀನಾದಲ್ಲಿ ಮಾಡಿದ್ದನ್ನು ನಿರಾಳವಾಗಿ ಹೇಳುತ್ತಾನೆ. ಬಟ್ಟೆ ಹೊಲಿಯುವ ದರ್ಜಿ ಹಿಂದೆ ಸೇನಾ ಪೊಲೀಸನಾಗಿದ್ದವನು. ದಿನನಿತ್ಯದ ವ್ಯವಹಾರದ ಮುಖಗಳೇ ಅವು. ಇಶಿಕಾವಾ ೧೯೩೮ರಲ್ಲಿ ಶಿಕ್ಷಕ ಸೈನಿಕನಾದುದನ್ನು ಬರೆದ; ಎಂಡೊ ಇಪ್ಪತ್ತು ವರ್ಷಗಳ ನಂತರ ಸೈನಿಕ ಮರಳಿ ನೆರೆಯವನಾದುದನ್ನು ಬರೆದ. ವೃತ್ತ ಇಲ್ಲಿ ಪೂರ್ಣವಾಗುತ್ತದೆ.

೭

ಈ ವಿವೇಚನೆ ಭಾರತೀಯ ಓದುಗನಿಗೆ ಹೊರಗಿನದಲ್ಲ. ೧೯೦೫ರಲ್ಲಿ ರಷ್ಯಾವನ್ನು ಸೋಲಿಸಿದ ಜಪಾನನ್ನು ಏಷ್ಯಾದ ಭರವಸೆಯೆಂದು ನಮ್ಮ ಹಿರಿಯರು ಕಂಡರು, ಅದು ಅಸಹಜವಾಗಿರಲಿಲ್ಲ. ಆದರೆ ೧೯೧೬ರಲ್ಲಿ ಜಪಾನಿನ ನೆಲದಲ್ಲಿಯೇ ರಾಷ್ಟ್ರೀಯತೆಯ ಅಪಾಯವನ್ನು ಕುರಿತು ಎಚ್ಚರಿಸಿದ ರವೀಂದ್ರನಾಥ ಠಾಕೂರರು, ೧೯೩೮ರಲ್ಲಿ ಕವಿ ಯೊನೆ ನೊಗುಚಿ ಚೀನಾದ ಯುದ್ಧವನ್ನು ಏಷ್ಯಾದ ಪುನರುತ್ಥಾನವೆಂದು ಸಮರ್ಥಿಸಿ ಪತ್ರ ಬರೆದಾಗ ಅದನ್ನು ದೃಢವಾಗಿ ತಿರಸ್ಕರಿಸಿದರು. ಇಶಿಕಾವಾ ಶಿಕ್ಷೆಗೊಳಗಾದ ವರ್ಷವೇ ಅದು. ಟೋಕಿಯೊ ನ್ಯಾಯಮಂಡಲಿಯ ಸದಸ್ಯರಾಗಿದ್ದ ರಾಧಾಬಿನೋದ್ ಪಾಲ್ ಅವರು ೧೯೪೮ರಲ್ಲಿ ನೀಡಿದ ಭಿನ್ನ ತೀರ್ಪನ್ನೂ ಇಲ್ಲಿ ನೆನೆಯಬೇಕು. ವಿಜಯಿಗಳ ನ್ಯಾಯದ ಕಾನೂನಾತ್ಮಕ ತಳಹದಿಯನ್ನು ಅವರು ಪ್ರಶ್ನಿಸಿದರು. ಆದರೆ ಜಪಾನೀ ಪಡೆಗಳ ಅತ್ಯಾಚಾರಗಳಿಗೆ ಪ್ರಬಲ ಸಾಕ್ಷ್ಯವಿದೆಯೆಂಬುದನ್ನು ಅವರು ಅಲ್ಲಗಳೆದಿರಲಿಲ್ಲ. ೨೦೦೫ರಲ್ಲಿ ಯಾಸುಕುನಿ ದೇಗುಲದ ಆವರಣದಲ್ಲಿ ಅವರ ಸ್ಮಾರಕಶಿಲೆ ನಿಂತಾಗ ಮೊದಲ ಮಾತು ಉಳಿದು ಎರಡನೆಯದು ಮರೆಗೆ ಸರಿಯಿತು.

ಜಪಾನಿನ ಒಟ್ಟು ಮೃತರ ಸಂಖ್ಯೆ ಸುಮಾರು ೩೧ ಲಕ್ಷ. ಏಷ್ಯಾದ ಇತರ ನಾಡುಗಳಲ್ಲಿ ಸತ್ತವರ ಸಂಖ್ಯೆ ಕೋಟಿಯನ್ನು ಮೀರುತ್ತದೆ. ಮೊದಲನೆಯ ಸಂಖ್ಯೆಗೆ ಜಪಾನೀ ಸಾಹಿತ್ಯ ಕೊಟ್ಟ ಮುಖಗಳು ಅನೇಕ. ಎರಡನೆಯದಕ್ಕೆ ಕೊಟ್ಟವು ವಿರಳ. ಚರ್ಚಿಸಿದ ಕೃತಿಗಳಲ್ಲಿ ಅತ್ಯುತ್ತಮವಾದವುಗಳಲ್ಲಿಯೂ ಚೀನೀ ಹೆಣ್ಣುಮಗಳು ಅಳುತ್ತಾಳೆ, ಫಿಲಿಪ್ಪೀನೀ ಹೆಂಗಸು ಸಾಯುತ್ತಾಳೆ, ಅಮೆರಿಕನ್ ಸೆರೆಯಾಳು ಮೇಜಿನ ಮೇಲೆ ಮಲಗುತ್ತಾನೆ. ತಮ್ಮ ಕಥೆಯನ್ನು ತಾವೇ ಹೇಳುವುದಿಲ್ಲ. ಇದು ಈ ಸಾಹಿತ್ಯದ ಮಿತಿ. ಆದರೆ ಅವರು ಅಲ್ಲಿದ್ದರು, ಅವರನ್ನು ಕೊಂದವರಿಗೆ ಹೆಸರಿತ್ತು ಎಂದು ದಾಖಲಿಸುವವರೆಗೆ ಇಶಿಕಾವಾ, ಓಕಾ, ಎಂಡೊ ಬಂದಿದ್ದಾರೆ. ಅಷ್ಟು ದೂರವೂ ಬಾರದ ಕೃತಿ ಎಷ್ಟೇ ಮನಮಿಡಿಯುವಂತಿದ್ದರೂ 'ಘಟನೆ', 'ಮುಕ್ತಾಯ'ಗಳ ವ್ಯಾಕರಣದಿಂದ ಪಾರಾಗಿಲ್ಲವೆಂದೇ ಹೇಳಬೇಕು.

ವಿಮರ್ಶೆ ನ್ಯಾಯಾಲಯವಲ್ಲ, ಲೇಖಕರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅದರ ಕೆಲಸವಲ್ಲ. ಕೃತಿಯೊಂದು ಎಲ್ಲಿ ನೋಡಿತು, ಎಲ್ಲಿ ಕಣ್ಣು ಹೊರಳಿಸಿತು ಎಂಬುದನ್ನು ಗುರುತಿಸುವುದು ಮಾತ್ರ ಅದರ ಕರ್ತವ್ಯ. ಈ ಅಳತೆಯನ್ನು ಜಪಾನಿಗೆ ಮಾತ್ರ ಮೀಸಲಿಡುವಂತಿಲ್ಲ. ಯಾವ ನಾಡಿನ ಯುದ್ಧಸಾಹಿತ್ಯವನ್ನಾದರೂ, ನಮ್ಮದನ್ನೂ ಸೇರಿಸಿ, ಅದರ ಕ್ರಿಯಾಪದಗಳಿಗೆ ಕರ್ತೃಗಳಿದ್ದಾರೆಯೇ ಎಂದು ಕೇಳಿ ಪರಿಶೀಲಿಸಬಹುದು. ಬರ್ಮಾ ಮತ್ತು ಮಲಯಗಳಲ್ಲಿ ದುಡಿದು ಮಡಿದ ದಕ್ಷಿಣ ಭಾರತೀಯರ ಮೌಖಿಕ ಮತ್ತು ಲಿಖಿತ ನೆನಪುಗಳನ್ನು ಈ ಕಾದಂಬರಿಗಳ ಎದುರಿಗಿಟ್ಟು ಓದುವ ಅಧ್ಯಯನಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆದರೆ, ಮುಡೋನ್ ಸೀಮೆಯ ಹೂಳದ ಹೆಣಗಳಿಗೂ ಹೆಸರು ದೊರೆತೀತು.